ಆಂಟಿಪಾಸ್ಟೊ ಸಲಾಡ್ ಜೊತೆ ಇನ್ನೇನು ಇಡಬೇಕು? ಬರುವವರಲ್ಲಿ ಅರ್ಧ ಜನ ಸಸ್ಯಾಹಾರಿಗಳು

ನೇರಳೆಹಣ್ಣು · ಎಡಿಸನ್, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಮಗಳ ಹೈಸ್ಕೂಲ್ ಮುಗಿಯಿತು. ಜೂನ್ ಕೊನೆಯ ಶನಿವಾರ ಮನೆ ಹಿಂದಿನ ಅಂಗಳದಲ್ಲಿ ಒಂದು ಊಟ ಇಟ್ಟುಕೊಂಡಿದ್ದೇವೆ. ಸುಮಾರು 25 ಜನ. ಪಕ್ಕದ ಮನೆಯವರು ಇಟಾಲಿಯನ್-ಅಮೆರಿಕನ್ ಕುಟುಂಬ. ಅವರ ಮನೆಯ ಅಜ್ಜಿ "ಆಂಟಿಪಾಸ್ಟೊ ಸಲಾಡ್ ನನ್ನ ಲೆಕ್ಕ, ಉಳಿದದ್ದು ನೀನು ನೋಡಿಕೋ" ಅಂದುಬಿಟ್ಟಿದ್ದಾರೆ. ಬೇಡ ಅನ್ನೋಕೆ ಮನಸ್ಸಿಲ್ಲ. ಅವರ ಸಲಾಡ್ ನಿಜಕ್ಕೂ ಚೆನ್ನಾಗಿರುತ್ತದೆ.

ಅದರಲ್ಲಿ ರೊಮೇನ್ ಲೆಟಿಸ್, ಸಲಾಮಿ, ಪೆಪ್ಪರೋನಿ, ಪ್ರೊವೊಲೋನ್ ಚೀಸ್, ಮೊಝರೆಲ್ಲಾದ ಸಣ್ಣ ಉಂಡೆಗಳು, ಆಲಿವ್, ಎಣ್ಣೆಯಲ್ಲಿ ಹಾಕಿಟ್ಟ ಆರ್ಟಿಚೋಕ್, ಸುಟ್ಟು ಸಿಪ್ಪೆ ತೆಗೆದ ಕೆಂಪು ಕ್ಯಾಪ್ಸಿಕಂ, ವಿನೆಗರ್‌ನಲ್ಲಿ ನೆನೆಸಿದ ಪೆಪ್ಪರೊನ್ಚಿನಿ ಮೆಣಸಿನಕಾಯಿ, ಚೆರಿ ಟೊಮೆಟೊ ಇರುತ್ತವೆ. ಮೇಲೆ ರೆಡ್ ವೈನ್ ವಿನೆಗರ್, ಆಲಿವ್ ಎಣ್ಣೆ, ಒಣ ಒರೆಗಾನೊ.

ಬರುವವರಲ್ಲಿ ಅರ್ಧ ಜನ ನಮ್ಮವರು, ಮಾಂಸ ಮುಟ್ಟುವುದಿಲ್ಲ. ಅದರಲ್ಲಿ ಇಬ್ಬರಿಗೆ ಈರುಳ್ಳಿ, ಬೆಳ್ಳುಳ್ಳಿಯೂ ಆಗಲ್ಲ. ಇನ್ನರ್ಧ ಮಗಳ ಸ್ನೇಹಿತರು, ಅವರ ಅಪ್ಪ-ಅಮ್ಮ. ಇರುವುದು ಒಂದೇ ಓವನ್. ಹೊರಗೆ ಗ್ರಿಲ್ ಇದೆ, ಆದರೆ ಅದರ ಮೇಲೆ ನಮ್ಮ ಯಜಮಾನರು ಚಿಕನ್ ಸುಡುತ್ತಾರೆ, ನನಗೆ ಬಿಟ್ಟುಕೊಡುವುದಿಲ್ಲ.

ಸದ್ಯಕ್ಕೆ ನನ್ನ ತಲೆಯಲ್ಲಿರುವುದು ಗಾರ್ಲಿಕ್ ಬ್ರೆಡ್, ಪಾಸ್ತಾ ಸಲಾಡ್, ಕ್ಯಾಪ್ರೆಸೆ (ಟೊಮೆಟೊ, ಮೊಝರೆಲ್ಲಾ ಹೋಳುಗಳ ಸಲಾಡ್). ಸರಿಹೋಗುತ್ತಾ? ಅಥವಾ ಬೇರೆ ಏನಾದರೂ ಹೇಳುತ್ತೀರಾ?

ಬೆಣ್ಣೆಮುರುಕು · ಬೆಲ್‌ವಿಲ್, ನ್ಯೂಜೆರ್ಸಿ

ಬೇಕ್ಡ್ ಝಿಟಿ (ಓವನ್ನಿನಲ್ಲಿ ಬೇಯಿಸಿದ ಕೊಳವೆ ಪಾಸ್ತಾ) ಇಲ್ಲದೆ ನ್ಯೂಜೆರ್ಸಿಯಲ್ಲಿ ಗ್ರ್ಯಾಜುಯೇಷನ್ ಪಾರ್ಟಿ ಮಾಡ್ತೀರಾ ಅಕ್ಕ? ಪಕ್ಕದ ಮನೆ ಅಜ್ಜಿ ಮೊದಲು ಕೇಳುವುದೇ ಅದನ್ನು. ಅಲ್ಯೂಮಿನಿಯಂ ಟ್ರೇ ತಗೊಳ್ಳಿ, ಝಿಟಿ ಬೇಯಿಸಿ, ಟೊಮೆಟೊ ಸಾಸ್, ರಿಕೋಟಾ ಅನ್ನುವ ಮೆತ್ತನೆ ಚೀಸ್, ಮೇಲೆ ಮೊಝರೆಲ್ಲಾ. ಅಷ್ಟೇ.

ಗರಗಸ · ಧಾರವಾಡ

ಇಷ್ಟೆಲ್ಲ ಯಾಕ್ರೀ? ಒಂದು ಹಂಡೆ ಪಲಾವ್ ಮಾಡಿ, ಮೊಸರುಬಜ್ಜಿ ಕಲಸಿ. ಸಲಾಡ್ ತಿನ್ನುವವರು ತಿನ್ನಲಿ, ಉಳಿದವರು ಪಲಾವ್ ತಿನ್ನಲಿ.

ನೇರಳೆಹಣ್ಣು

ಗರಗಸ ಸರ್, ಪಲಾವ್ ನನಗೂ ಸುಲಭ. ಆದರೆ ಆ ಅಜ್ಜಿ ಬೆಳಿಗ್ಗೆಯಿಂದ ಕೂತು ಸಲಾಡ್ ಜೋಡಿಸಿ ತರುತ್ತಾರೆ. ಅದು ಒಂದು ಮೂಲೆಯಲ್ಲಿ ಒಂಟಿಯಾಗಿ ಕೂರಬಾರದು ಅಂತ ನನ್ನ ಆಸೆ. ಊಟ ಅದರ ಸುತ್ತಲೇ ಇರಲಿ.

ತುಂಗಾತೀರ · ಟೊರಿನೊ, ಇಟಲಿ

ಗಾರ್ಲಿಕ್ ಬ್ರೆಡ್ ಬಗ್ಗೆ ಆಮೇಲೆ ಜಗಳ ಆಡೋಣ. ಪಾಸ್ತಾ ಸಲಾಡ್, ಕ್ಯಾಪ್ರೆಸೆ ಎರಡನ್ನೂ ಕೈಬಿಡಿ ಅಂತ ನನ್ನ ಮಾತು.

ಆ ಸಲಾಡ್ ತಟ್ಟೆಯನ್ನೇ ಒಮ್ಮೆ ನೋಡಿ. ಸಲಾಮಿ ಉಪ್ಪು, ಆಲಿವ್ ಉಪ್ಪು, ಪ್ರೊವೊಲೋನ್ ಉಪ್ಪು. ಪೆಪ್ಪರೊನ್ಚಿನಿ ಹುಳಿ, ಆರ್ಟಿಚೋಕ್ ಹುಳಿ, ಮೇಲೆ ಸುರಿಯುವ ವಿನೆಗರ್ ಮತ್ತೂ ಹುಳಿ. ಎಲ್ಲಕ್ಕೂ ಎಣ್ಣೆ. ಎಲ್ಲವೂ ತಣ್ಣಗೆ. ಪಕ್ಕದಲ್ಲಿ ಪಾಸ್ತಾ ಸಲಾಡ್ ಇಟ್ಟರೆ ಅದರಲ್ಲೂ ಆಲಿವ್, ವಿನೆಗರ್, ಚೀಸ್. ಕ್ಯಾಪ್ರೆಸೆ ಇಟ್ಟರೆ ಮತ್ತೆ ಮೊಝರೆಲ್ಲಾ, ಮತ್ತೆ ಟೊಮೆಟೊ. ಪಾತ್ರೆ ಮೂರು, ರುಚಿ ಒಂದೇ.

ಆ ತಟ್ಟೆಯಲ್ಲಿ ಏನಿಲ್ಲ? ಬಿಸಿ ಇಲ್ಲ. ಸಪ್ಪೆ ಇಲ್ಲ. ಮೆತ್ತಗಿರುವುದು ಕಡಿಮೆ. ಹೊಟ್ಟೆ ತುಂಬಿಸುವ ಹಿಟ್ಟಾಗಲಿ ಕಾಳಾಗಲಿ ಇಲ್ಲ. ಸಿಹಿ ಇಲ್ಲ. ನೀವು ಮಾಡುವುದೆಲ್ಲ ಈ ಇಲ್ಲದ್ದನ್ನು ತುಂಬುವ ಹಾಗಿರಲಿ.

ಇಟಲಿಯಲ್ಲಿ ಇದರ ಜೊತೆ ಏನು ಇಡುತ್ತಾರೆ ಅಂತ ಹುಡುಕಲು ಹೋಗಬೇಡಿ, ಸಿಗುವುದಿಲ್ಲ. ಇಲ್ಲಿ ಆಂಟಿಪಾಸ್ಟೊ ಊಟದ ಶುರುವಿನಲ್ಲಿ ಬರುವ ತಟ್ಟೆ. ಹೋಳು ಮಾಡಿದ ಮಾಂಸ, ಚೀಸ್, ಎಣ್ಣೆಯಲ್ಲೋ ವಿನೆಗರ್‌ನಲ್ಲೋ ಇಟ್ಟ ತರಕಾರಿ. ಸೊಪ್ಪಿನ ಸಲಾಡ್ ಬರುವುದು ಕೊನೆಯಲ್ಲಿ, ಎರಡನೇ ಸುತ್ತಿನ ಮಾಂಸ ಅಥವಾ ಮೀನಿನ ಜೊತೆ, ಇಲ್ಲವೇ ಅದು ಮುಗಿದ ಮೇಲೆ. ಎರಡನ್ನೂ ಒಂದೇ ಬೋಗುಣಿಗೆ ಹಾಕಿದವರು ಅಮೆರಿಕಕ್ಕೆ ಹೋದ ಇಟಾಲಿಯನ್ನರು. ಅದರಲ್ಲಿ ತಪ್ಪೇನೂ ಇಲ್ಲ. ಬಿಸಿಲಲ್ಲಿ 25 ಜನಕ್ಕೆ ಬಡಿಸಲು ಆ ಬೋಗುಣಿಯೇ ವಾಸಿ.

ಆದರೆ ಒಂದು ವಿಷಯ ಎರಡೂ ದೇಶಕ್ಕೆ ಸಾಮಾನ್ಯ. ಆಂಟಿಪಾಸ್ಟೊ ಪಕ್ಕದಲ್ಲಿ ಬ್ರೆಡ್ ಇದ್ದೇ ಇರುತ್ತದೆ, ಅದೂ ಸಪ್ಪೆ ಬ್ರೆಡ್. ಇಲ್ಲಿಯ ತೊಸ್ಕಾನಾ ಸೀಮೆಯಲ್ಲಂತೂ ಬ್ರೆಡ್ಡಿಗೆ ಉಪ್ಪೇ ಹಾಕುವುದಿಲ್ಲ. ಬರೀ ತಿಂದರೆ ಗಂಟಲಲ್ಲಿ ಇಳಿಯಲ್ಲ. ಅಲ್ಲಿಯ ಉಪ್ಪು ಜಾಸ್ತಿ ಇರುವ ಪ್ರೊಶುಟ್ಟೊ (ಒಣಗಿಸಿದ ಹಂದಿ ಮಾಂಸ), ಪೆಕೊರಿನೊ (ಕುರಿ ಹಾಲಿನ ಚೀಸ್) ಜೊತೆ ತಿಂದಾಗ ಯಾಕೆ ಹಾಗೆ ಮಾಡುತ್ತಾರೆ ಅಂತ ಗೊತ್ತಾಗುತ್ತದೆ.

ಬೆಣ್ಣೆಮುರುಕು

ಬಿಸಿ, ಮೆತ್ತಗೆ, ಹೊಟ್ಟೆ ತುಂಬಿಸುವುದು. ತುಂಗಾತೀರ ಅವರೇ, ನೀವು ಹೇಳಿದ್ದೆಲ್ಲ ಝಿಟಿಯೇ ಅಲ್ವಾ? 😀

ತುಂಗಾತೀರ

ಝಿಟಿ ಬೇಡ ಅಂತ ನಾನು ಎಲ್ಲಿ ಹೇಳಿದೆ? ಇರಲಿ. ಮೇಲೆ ಚೀಸ್ ಮಾತ್ರ ಅರ್ಧ ಮಾಡಿ. ಸಲಾಡಿನಲ್ಲೇ ಎರಡು ಚೀಸ್ ಇವೆ. ಸಾಸ್ ಬರೀ ಟೊಮೆಟೊ, ತುಳಸಿ, ಎಣ್ಣೆ. ತುಳಸಿ ಅಂದರೆ ಬೇಸಿಲ್, ಪೂಜೆಯದ್ದಲ್ಲ.

ಹಸಿರುಚುಕ್ಕೆ · ಮೈಸೂರು

ಚೀಸ್ ಮಾತು ಬಂತಲ್ಲ, ಅದಕ್ಕೇ ಬಂದೆ. ಸಸ್ಯಾಹಾರಿಗಳು ಅಂದಿರಿ. ಎಷ್ಟು ಕಟ್ಟುನಿಟ್ಟು ಅಂತ ಒಮ್ಮೆ ಕೇಳಿಕೊಳ್ಳಿ. ಯಾಕೆಂದರೆ ಪಾರ್ಮಿಜಾನೊ ರೆಜ್ಜಾನೊ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಹಾಕುತ್ತಾರೆ. ಅದು ಆ ಚೀಸಿನ ನಿಯಮದಲ್ಲೇ ಇದೆ. ಹಾಗಾಗಿ ಅಸಲಿ ಪಾರ್ಮಿಜಾನೊ ರೆಜ್ಜಾನೊದಲ್ಲಿ ಸಸ್ಯಾಹಾರಿ ಅನ್ನುವುದೇ ಇಲ್ಲ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್. ಗ್ರಾನಾ ಪದಾನೊ ಕೂಡ ಕರುವಿನದ್ದೇ.

ಅಮೆರಿಕದಲ್ಲಿ ಪ್ಯಾಕೆಟ್ ಮೇಲೆ ಸುಮ್ನೆ 'ಎಂಜೈಮ್ಸ್' ಅಂತ ಬರೆದಿರುತ್ತಾರೆ. ಅದರಿಂದ ಏನೂ ಗೊತ್ತಾಗಲ್ಲ. 'ವೆಜಿಟೇರಿಯನ್ ರೆನೆಟ್' ಅಥವಾ 'ಮೈಕ್ರೋಬಿಯಲ್' ಅಂತ ಇದ್ದರೆ ತಗೊಳ್ಳಿ. ಝಿಟಿ ಮೇಲೆ ಪಾರ್ಮೆಸಾನ್ ಉದುರಿಸುವ ಚಾಳಿ ಇದೆಯಲ್ಲ, ಅದನ್ನು ಪಕ್ಕದಲ್ಲಿ ಬಟ್ಟಲಿನಲ್ಲಿ ಇಡಿ. ಬೇಕಾದವರು ಹಾಕಿಕೊಳ್ಳಲಿ. ಅಂಗಡಿಯ ಪೆಸ್ತೊದಲ್ಲೂ (ಬೇಸಿಲ್ ಚಟ್ನಿ) ಇದೇ ಕಥೆ, ಪಾರ್ಮಿಜಾನೊ ಇಲ್ಲವೇ ಪೆಕೊರಿನೊ ಇರುತ್ತದೆ.

ನೇರಳೆಹಣ್ಣು

ಇದು ಒಳ್ಳೆಯ ಮಾತು ಹೇಳಿದಿರಿ. ನಮ್ಮತ್ತೆ ಕೂಡ ಬರುತ್ತಾರೆ. ಅವರು ಇಂಥದ್ದನ್ನು ಕೇಳಿಯೇ ಕೇಳುತ್ತಾರೆ.

ಬಾಳೆಎಲೆ · ಉಡುಪಿ

ನಾನು ಮದುವೆ ಊಟದ ಕಂಟ್ರಾಕ್ಟ್ ಮಾಡುವವನು. ಇಟಲಿ ಅಡುಗೆ ನನ್ನ ಕಸುಬಲ್ಲ. ಆದರೆ ಬಫೆ ಮೇಜಿನ ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಅಂತ ನೋಡಿ ನೋಡಿ ಗೊತ್ತು. ಅದು ಎಲ್ಲ ದೇಶದಲ್ಲೂ ಒಂದೇ ಅಂದುಕೊಳ್ಳುತ್ತೇನೆ.

ಮೊದಲು ಕಂಡದ್ದನ್ನು ಜನ ರಾಶಿ ಹಾಕಿಕೊಳ್ಳುತ್ತಾರೆ. ಸಲಾಡನ್ನು ಸಾಲಿನ ಮೊದಲಿಗೆ ಇಟ್ಟರೆ ಮೊದಲ ಹತ್ತು ಜನರೇ ಸಲಾಮಿ, ಚೀಸ್ ಎಲ್ಲ ಆರಿಸಿಕೊಂಡು ಹೋಗುತ್ತಾರೆ. ಹಿಂದಿನವರಿಗೆ ಲೆಟಿಸ್ ಮಾತ್ರ. ಬ್ರೆಡ್ ಮೊದಲು ಇಡಿ. ಆಮೇಲೆ ಬಿಸಿ ಪದಾರ್ಥ. ಸಲಾಡ್ ಕೊನೆಗೆ. ತಟ್ಟೆ ಅರ್ಧ ತುಂಬಿದ ಮೇಲೆ ಸಿಕ್ಕಿದ್ದನ್ನು ಜನ ಹಿತಮಿತವಾಗಿ ಹಾಕಿಕೊಳ್ಳುತ್ತಾರೆ.

ಇನ್ನೊಂದು. ನಿಮ್ಮ ಸಸ್ಯಾಹಾರಿಗಳಿಗೆ ಆ ಸಲಾಡ್ ಇಲ್ಲ ಅಂತಲೇ ಲೆಕ್ಕ ಹಾಕಿ. ಮಾಂಸ ಬೆರೆತ ಮೇಲೆ ಆರಿಸಿ ತಿನ್ನಿ ಅಂದರೆ ಯಾರೂ ತಿನ್ನಲ್ಲ. ಹಾಗಾಗಿ ನಿಮಗೆ ಸೈಡ್ ಡಿಶ್ ಆಗಿರುವುದು ಅವರಿಗೆ ಪೂರ್ತಿ ಊಟ ಆಗಬೇಕು. ಬರೀ ಬ್ರೆಡ್, ಆಲೂಗಡ್ಡೆ ಇಟ್ಟರೆ ಅರ್ಧ ಜನ ಹಸಿದು ಹೋಗುತ್ತಾರೆ. ಏನಾದರೂ ಕಾಳು ಇರಲೇಬೇಕು.

ಆ ಅಮ್ಮನಿಗೆ ಹೇಳಿ ಸಲಾಮಿ, ಪೆಪ್ಪರೋನಿ ಬೇರೆ ತಟ್ಟೆಯಲ್ಲಿ ತರಿಸಿದರೆ ಇನ್ನೂ ಒಳ್ಳೆಯದು. ಪ್ರತಿ ಪಾತ್ರೆಗೂ ಬೇರೆ ಚಿಮಟ.

ನೇರಳೆಹಣ್ಣು

ಅಜ್ಜಿಗೆ ಅದನ್ನು ಹೇಳುವುದು ಹೇಗೆ ಅಂತ ಯೋಚನೆ. ಬೇಜಾರು ಮಾಡಿಕೊಂಡರೆ?

ಬೆಣ್ಣೆಮುರುಕು

ಮಾಡಿಕೊಳ್ಳಲ್ಲ. ಬೋಗುಣಿಗೆ ಬದಲು ಉದ್ದ ತಟ್ಟೆಯಲ್ಲಿ ಒಂದೊಂದನ್ನೂ ಸಾಲಾಗಿ ಜೋಡಿಸಿ ತನ್ನಿ, ಫೋಟೊಗೆ ಚೆನ್ನಾಗಿ ಬರುತ್ತೆ ಅನ್ನಿ. ಅವರ ಕಾಲದಲ್ಲಿ ಹಾಗೇ ಮಾಡುತ್ತಿದ್ದರು, ಖುಷಿಪಡುತ್ತಾರೆ. ಮಾಂಸ ಒಂದು ತುದಿಗೆ, ತರಕಾರಿ ಇನ್ನೊಂದು ತುದಿಗೆ. ಡ್ರೆಸಿಂಗ್ ಬೇರೆ ಬಾಟಲಿಯಲ್ಲಿ. ಮೊದಲೇ ಸುರಿದರೆ ಬಿಸಿಲಿಗೆ ಲೆಟಿಸ್ ಬಾಡಿ ನೀರಾಗುತ್ತದೆ.

ತುಂಗಾತೀರ

ಬಾಳೆಎಲೆ ಅವರು ಕಾಳು ಅಂದರು. ಅಲ್ಲಿಗೇ ಬರುತ್ತಿದ್ದೆ.

ಮೊದಲನೆಯದು ಫಿರೆಂಝೆಯ (ಫ್ಲಾರೆನ್ಸ್) ಫಜೋಲಿ ಅಲ್ಲುಚ್ಚೆಲ್ಲೆತ್ತೊ. ಹೆಸರು ಉದ್ದ, ಕೆಲಸ ಕಡಿಮೆ. ಬಿಳಿ ಕನ್ನೆಲ್ಲಿನಿ ಬೀನ್ಸ್ ರಾತ್ರಿ ನೆನೆಸಿ, ಎರಡು ಸೇಜ್ ಎಲೆ ಹಾಕಿ ಮೆತ್ತಗೆ ಬೇಯಿಸಿ. ಬಾಣಲೆಯಲ್ಲಿ ಆಲಿವ್ ಎಣ್ಣೆ, ಬೆಳ್ಳುಳ್ಳಿ, ಇನ್ನಷ್ಟು ಸೇಜ್. ಎಣ್ಣೆಗೆ ಪರಿಮಳ ಬಂದ ಮೇಲೆ ಟೊಮೆಟೊ ಸಾಸ್, ಆಮೇಲೆ ಕಾಳು. ಬೆಂದ ನೀರನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ಬೆಳ್ಳುಳ್ಳಿ ತಿನ್ನದವರಿಗೆ ಒಂದು ಪಾತ್ರೆ ಅದಿಲ್ಲದೆ ಮಾಡಿ. ಸೇಜ್ ಒಂದೇ ಸಾಕಾಗುತ್ತದೆ. 25 ಜನಕ್ಕೆ ಒಂದು ಕೆಜಿ ಒಣ ಕಾಳು ಧಾರಾಳ, ಬೆಂದ ಮೇಲೆ ಎರಡೂವರೆ ಕೆಜಿ ಹತ್ತಿರ ಆಗುತ್ತದೆ. ಉಪ್ಪು ಹಿಡಿತದಲ್ಲಿರಲಿ, ತಟ್ಟೆಯಲ್ಲಿ ಪಕ್ಕಕ್ಕೆ ಆಲಿವ್ ಬರುತ್ತದೆ.

ಎರಡನೆಯದು ಫರಿನಾತಾ. ಇದನ್ನು ಕೇಳಿದರೆ ನಿಮ್ಮತ್ತೆಗೂ ಖುಷಿಯಾಗುತ್ತದೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಮುಗಿಯಿತು. ಮೊಟ್ಟೆ ಇಲ್ಲ, ಹಾಲಿಲ್ಲ, ಮೈದಾ ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಊರು ಜೆನೊವಾ, ಇಡೀ ಲಿಗೂರಿಯಾ ಕರಾವಳಿಯಲ್ಲಿ ತಿನ್ನುತ್ತಾರೆ. ಇಲ್ಲಿ ಟೊರಿನೊದಲ್ಲೂ ಪುಟ್ಟ ಬಾಣಲೆ ಪಿಝ್ಝಾ ಮಾಡುವ ಹಳೆಯ ಅಂಗಡಿಗಳಲ್ಲಿ ಪಿಝ್ಝಾಗೆ ಮುಂಚೆ ಒಂದು ತುಂಡು ಫರಿನಾತಾ ತಿನ್ನುವುದು ರೂಢಿ.

ಅಳತೆ ಹೀಗೆ. ಹಿಟ್ಟು ಒಂದು ಪಾಲು ಇದ್ದರೆ ನೀರು ತೂಕದಲ್ಲಿ ಮೂರು ಪಾಲು. 30 ಸೆಂಟಿಮೀಟರ್ ಅಗಲದ ತಟ್ಟೆಗೆ 150 ಗ್ರಾಂ ಹಿಟ್ಟು ಸಾಕು. ಇಂಡಿಯನ್ ಸ್ಟೋರಿನ ಕಡಲೆಹಿಟ್ಟು ಇಲ್ಲಿಯದಕ್ಕಿಂತ ನುಣ್ಣಗಿರುತ್ತದೆ, ಅದಕ್ಕೆ ನೀರು ಒಂದಿಷ್ಟು ಕಡಿಮೆ ಸಾಕು. ಗಂಟಿಲ್ಲದೆ ಕಲಸಿ ಕನಿಷ್ಠ ನಾಲ್ಕು ಗಂಟೆ ಬಿಡಿ. ಮೇಲೆ ಬಿಳಿ ನೊರೆ ನಿಲ್ಲುತ್ತದೆ. ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲಿ. ಆಮೇಲೆ ಉಪ್ಪು. ಅಗಲವಾದ ತಟ್ಟೆಗೆ ಎಣ್ಣೆ ಕೈಬಿಟ್ಟು ಹಾಕಿ, ಓವನ್ನಿನಲ್ಲಿ ಕಾಯಿಸಿ, ಹಿಟ್ಟು ಸುರಿಯಿರಿ. ಒಂದು ಸೆಂಟಿಮೀಟರಿಗಿಂತ ದಪ್ಪ ಬೇಡ. ಎಣ್ಣೆ ಮೇಲೆ ತೇಲಿ ಬರುತ್ತದೆ, ಗಾಬರಿಯಾಗಬೇಡಿ, ಚಮಚದಲ್ಲಿ ಒಮ್ಮೆ ಎಳೆದುಬಿಡಿ. ಅಂಗಡಿಯವರು ಸೌದೆ ಒಲೆಯಲ್ಲಿ ತವರ ಲೇಪಿಸಿದ ದೊಡ್ಡ ತಾಮ್ರದ ಪರಾತದಲ್ಲಿ ಮಾಡುತ್ತಾರೆ, ಕೆಲವೇ ನಿಮಿಷ. ಮನೆಯ ಓವನ್ ಎಷ್ಟು ಕಾಯುತ್ತದೋ ಅಷ್ಟು ಕಾಯಿಸಿ, 475 ಅಥವಾ 500 ಫ್ಯಾರನ್‌ಹೀಟ್. ಹದಿನೈದರಿಂದ ಇಪ್ಪತ್ತು ನಿಮಿಷ. ಮೇಲೆ ಚಿನ್ನದ ಬಣ್ಣ, ಅಂಚು ಗರಿಗರಿ, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ ಇರಬೇಕು. ಮೇಲಿಂದ ಕಾಳುಮೆಣಸು ಪುಡಿ.

ಬಿಸಿಯಾಗಿದ್ದಾಗಲೇ ತಿನ್ನಬೇಕು. ಆರಿದರೆ ಚರ್ಮದ ಹಾಗಾಗುತ್ತದೆ.

ಗರಗಸ

ಇದು ನಮ್ಮ ಝುಣಕದ ವಡಿ ಅಲ್ವೇನ್ರೀ? ಇಟಲಿಗೆ ಹೋಗಿ ಹೆಸರು ಬದಲಾಯಿಸಿಕೊಂಡು ಕೂತಿದೆ.

ತುಂಗಾತೀರ

ಗರಗಸ ಅವರೇ, ಝುಣಕದ ವಡಿಗೆ ಹತ್ತಿರದ್ದು ಬೇರೆ ಇದೆ. ಸಿಸಿಲಿಯ ಪಲೆರ್ಮೊ ಊರಿನ ಪನೆಲ್ಲೆ. ಕಡಲೆಹಿಟ್ಟನ್ನು ನೀರಿನಲ್ಲಿ ಕಲಸಿ ಒಲೆ ಮೇಲೆ ತಿರುವುತ್ತಾ ಗಟ್ಟಿ ಮಾಡುತ್ತಾರೆ. ತಟ್ಟೆಗೆ ತೆಳ್ಳಗೆ ಹರಡಿ, ಆರಿಸಿ, ಕತ್ತರಿಸುತ್ತಾರೆ. ಅಲ್ಲಿಯವರೆಗೆ ನಿಮ್ಮ ವಡಿಯೇ. ಒಗ್ಗರಣೆ ಇಲ್ಲ, ಕೊತ್ತಂಬರಿ ಜಾಗಕ್ಕೆ ಪಾರ್ಸ್ಲಿ. ಆಮೇಲೆ ಎಣ್ಣೆಯಲ್ಲಿ ಕರಿದು, ಎಳ್ಳು ಹಚ್ಚಿದ ಬನ್ನಿನೊಳಗೆ ಇಟ್ಟು, ನಿಂಬೆರಸ ಹಿಂಡಿ ಬೀದಿಯಲ್ಲೇ ತಿನ್ನುತ್ತಾರೆ.

ಗರಗಸ

ಹಂಗಾದ್ರ ಪಲೆರ್ಮೊದವರು ನಮ್ಮ ಕಡೆಯವರೇ. ಪಲಾವ್ ಮಾತು ವಾಪಸ್ ತಗೊಂಡೆ.

ಜಯನಗರ ನಾಲ್ಕನೇ ಬ್ಲಾಕ್ · ಬೆಂಗಳೂರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯಲ್ಲೂ ಆರು ಜನಕ್ಕೆ ಇಂಥದ್ದೇ ಸಲಾಡ್ ಮಾಡೋಣ ಅಂತಿದ್ದೇನೆ, ಮಾಂಸ ಇಲ್ಲದೆ. ಓವನ್ ಇಲ್ಲ. ಬೇಕರಿಯ ಗಾರ್ಲಿಕ್ ಬ್ರೆಡ್ ಸಿಹಿ ಸಿಹಿ, ನನಗೆ ಇಷ್ಟ ಇಲ್ಲ. ಕಾವಲಿ ಮೇಲೆ ಆಗುವಂಥದ್ದು ಏನಾದರೂ ಇದೆಯಾ? ಚೀಸ್ ಎಲ್ಲಿ ತಗೊಳ್ಳಲಿ?

ತುಂಗಾತೀರ

ಪಿಯದೀನಾ ಮಾಡಿ. ಎಮಿಲಿಯಾ-ರೊಮಾನ್ಯಾ ಕಡೆಯದ್ದು. ಯೀಸ್ಟ್ ಇಲ್ಲ. 500 ಗ್ರಾಂ ಮೈದಾಗೆ ಉಪ್ಪು, ಚಿಟಿಕೆ ಸೋಡಾ, ನಾಲ್ಕೈದು ಚಮಚ ಆಲಿವ್ ಎಣ್ಣೆ, ಬಿಸಿ ನೀರು. ನಾದಿ ಅರ್ಧ ಗಂಟೆ ಮುಚ್ಚಿಟ್ಟು, ಚಪಾತಿಗಿಂತ ಒಂಚೂರು ದಪ್ಪಗೆ ಲಟ್ಟಿಸಿ ಕಾದ ಕಾವಲಿಗೆ ಹಾಕಿ. ಕಪ್ಪು ಚುಕ್ಕೆ ಬಿದ್ದ ಕೂಡಲೇ ತೆಗೆಯಿರಿ. ಅಲ್ಲಿಯ ಹಳೆಯ ಕ್ರಮದಲ್ಲಿ ಎಣ್ಣೆಯ ಬದಲು ಹಂದಿ ಕೊಬ್ಬು ಹಾಕುತ್ತಾರೆ. ಇಟಲಿಗೆ ಬಂದಾಗ ಕೊಳ್ಳುವವರು ನೋಡಿಕೊಳ್ಳಿ, ಪ್ಯಾಕೆಟ್ ಮೇಲೆ 'ಸ್ತ್ರುತ್ತೊ' ಅಂತ ಇದ್ದರೆ ಅದೇ.

ಹಸಿರುಚುಕ್ಕೆ

ಚೀಸಿಗೆ ದೂರ ಹೋಗಬೇಡಿ. ಬೆಂಗಳೂರಿನಲ್ಲೇ ಬೆನೆಡಿಕ್ಟೈನ್ ಸನ್ಯಾಸಿಗಳು 'ವಲ್ಲೊಂಬ್ರೋಸಾ' ಅನ್ನುವ ಹೆಸರಿನಲ್ಲಿ ಮೊಝರೆಲ್ಲಾ, ಬುರ್ರಾತಾ, ರಿಕೋಟಾ ಥರದ ಇಟಲಿ ಚೀಸ್ ಮಾಡುತ್ತಾರೆ. ಯಾವುದನ್ನೇ ತಗೊಂಡರೂ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿ. ನನ್ನ ಹೆಸರು ಸುಮ್ನೆ ಇಟ್ಟುಕೊಂಡಿದ್ದಲ್ಲ.

ಸಾಸಿವೆಕಾಳು · ಷಿಕಾಗೊ

ನಮ್ಮೂರಿನ ಜಾರ್ದಿನೇರಾ ಇಡಿ! ಹೂಕೋಸು, ಕ್ಯಾರೆಟ್, ಸೆಲರಿ, ಖಾರದ ಹಸಿಮೆಣಸಿನಕಾಯಿ ಎಲ್ಲ ಎಣ್ಣೆಯಲ್ಲಿ. ಇಟಲಿಯದ್ದು ವಿನೆಗರ್‌ನಲ್ಲಿ ಸಪ್ಪೆಯಾಗಿ ಇರುತ್ತದೆ. ಷಿಕಾಗೊದ್ದು ಖಾರ. ನಮ್ಮವರಿಗೆ ಖಾರ ಇಲ್ಲದಿದ್ದರೆ ಊಟ ಆಗಲ್ಲ.

ತುಂಗಾತೀರ

ಅದೂ ಉಪ್ಪು, ಅದೂ ಹುಳಿ, ಅದೂ ತಣ್ಣಗೆ. ಸಲಾಡಿನೊಳಗೆ ಒಂದು ಚಮಚ ಇರಲಿ. ಬೇರೆ ಪಾತ್ರೆ ಬೇಡ.

ಸಾಸಿವೆಕಾಳು

ನಿಮ್ಮ ಲೆಕ್ಕ ಜಾಸ್ತಿ ಕಟ್ಟುನಿಟ್ಟು ಅಣ್ಣ. ನಮ್ಮ ಊಟದ ಎಲೆಯಲ್ಲಿ ಉಪ್ಪಿನಕಾಯಿ, ಕೋಸಂಬರಿ, ಗೊಜ್ಜು ಎಲ್ಲ ಹುಳಿಯೇ ಅಲ್ವಾ? ಒಂದರ ಪಕ್ಕ ಒಂದು ಕೂತಿರಲ್ವಾ?

ಬಾಳೆಎಲೆ

ಕೂತಿರುತ್ತವೆ ಸರ್, ಎಲೆಯ ತುದಿಯಲ್ಲಿ, ಚಮಚದಷ್ಟು. ನಡುವೆ ಅನ್ನದ ರಾಶಿ ಇರುತ್ತದೆ. ಇವರ ಊಟದಲ್ಲಿ ಆ ಅನ್ನದ ಜಾಗಕ್ಕೆ ಏನು ಅನ್ನುವುದೇ ಪ್ರಶ್ನೆ. ತುಂಗಾತೀರ ಅವರು ಹೇಳಿದ್ದು ನನಗೆ ಸರಿ ಕಂಡಿತು.

ಸಾಸಿವೆಕಾಳು

ಸರಿ, ಆದರೂ ಒಂದು ಬಾಟಲಿ ಮೇಜಿನ ಮೇಲೆ ಇಡಿ. ಖಾಲಿ ಆಗದಿದ್ದರೆ ನನ್ನನ್ನು ಕೇಳಿ.

ನೇರಳೆಹಣ್ಣು

ಖಾರ ನಮ್ಮವರಿಗೆ ಬೇಕೇ ಬೇಕು, ಬಾಟಲಿ ಇಡುತ್ತೇನೆ 😀

ಈಗ ಗಾರ್ಲಿಕ್ ಬ್ರೆಡ್ ವಿಷಯ ಹೇಳಿ. ಮತ್ತೆ ಸೂಪ್ ಇಟ್ಟರೆ ಹೇಗೆ? ಜೂನ್ ಸೆಕೆಯಲ್ಲಿ ಬಿಸಿ ಸೂಪ್ ಯಾರು ಕುಡಿಯುತ್ತಾರೆ ಅಂತ ಅನುಮಾನ.

ತುಂಗಾತೀರ

ಸೂಪ್ ಒಳ್ಳೆಯ ಯೋಚನೆ, ಬಿಸಿ ಇರಲೇಬೇಕು ಅಂತಿಲ್ಲ. ಮಿಲಾನೊದವರು ಅಕ್ಕಿ ಹಾಕಿದ ಮಿನೆಸ್ತ್ರೋನೆಯನ್ನು (ತರಕಾರಿ ಸೂಪ್) ಬೇಸಿಗೆಯಲ್ಲಿ ಆರಿಸಿ ತಿನ್ನುತ್ತಾರೆ. ಜೆನೊವಾದವರು ಅದಕ್ಕೆ ಪೆಸ್ತೊ ಕಲಸಿ ಉಗುರು ಬೆಚ್ಚಗೆ ತಿನ್ನುತ್ತಾರೆ. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಇರುತ್ತದೆ. ಆದರೆ ಅಂಗಳದ ಊಟದಲ್ಲಿ ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಗ್ಲಾಸ್. ಬಟ್ಟಲು ಎಲ್ಲಿ ಹಿಡಿಯುತ್ತಾರೆ? ಮೇಜು ಕುರ್ಚಿ ಹಾಕಿ ಕೂರಿಸುವುದಾದರೆ ಮಾತ್ರ ಮಾಡಿ. ಚಳಿಗಾಲದಲ್ಲಿ ಇದೇ ಸಲಾಡ್ ಇಟ್ಟರೆ ನಾನು ಬೇರೆ ಏನೂ ಮಾಡದೆ ಸೂಪ್, ಬ್ರೆಡ್ ಎರಡೇ ಇಡುತ್ತೇನೆ.

ಗಾರ್ಲಿಕ್ ಬ್ರೆಡ್ಡಿಗೆ ಬೆಣ್ಣೆ, ಬೆಳ್ಳುಳ್ಳಿ, ಚೀಸ್, ಉಪ್ಪು. ಆ ಸಲಾಡ್ ಪಕ್ಕದಲ್ಲಿ ಭಾರ. ಒಂದು ತುಂಡು ತಿಂದವರು ಬೆನ್ನಿಗೇ ನೀರು ಕುಡಿಯುತ್ತಾರೆ.

ಬೆಣ್ಣೆಮುರುಕು

ಹದಿನೆಂಟು ವರ್ಷದ ಹುಡುಗರು ಬರುತ್ತಾರೆ ಸ್ವಾಮಿ. ಅವರಿಗೆ ಗಾರ್ಲಿಕ್ ಬ್ರೆಡ್ ಇಲ್ಲ ಅಂತ ಹೇಳಿ ನೋಡಿ.

ಅಕ್ಕ, ನಿಮಗೆ ಒಂದು ಉಪಾಯ. ಇಟಾಲಿಯನ್ ಬೇಕರಿಯಲ್ಲಿ ಎಳ್ಳು ಹಚ್ಚಿದ ಸೆಮೊಲಿನಾ ಬ್ರೆಡ್ ಸಿಗುತ್ತದೆ, ಹಳದಿ ಬಣ್ಣದ್ದು. ನಾಲ್ಕು ದೊಡ್ಡ ಲೋಫ್ ತನ್ನಿ. ಒಂದಕ್ಕೆ ಬೆಳ್ಳುಳ್ಳಿ ಬೆಣ್ಣೆ ಹಚ್ಚಿ ಹುಡುಗರಿಗೆ. ಮೂರು ಹಾಗೇ ಇರಲಿ. ಕೈಯಲ್ಲಿ ಮುರಿದು ತಿನ್ನಲಿ, ಬೀನ್ಸ್ ರಸ ಅದ್ದಿಕೊಳ್ಳಲು ಅದೇ ಚೆನ್ನ. ಬೆಳ್ಳುಳ್ಳಿ ತಿನ್ನದವರಿಗೂ ತೊಂದರೆ ಇಲ್ಲ.

ತುಂಗಾತೀರ

ಇದಕ್ಕೆ ನನ್ನ ತಕರಾರಿಲ್ಲ. ಜೊತೆಗೆ ಗ್ರಿಸ್ಸೀನಿ ಒಂದು ಗ್ಲಾಸಿನಲ್ಲಿ ನಿಲ್ಲಿಸಿಡಿ. ಟೊರಿನೊದ ಕಡ್ಡಿ ಬ್ರೆಡ್. ಕೈಯಲ್ಲಿ ಎಳೆದು ಮಾಡಿದ್ದಕ್ಕೆ ಸ್ತಿರಾತಿ ಅಂತಾರೆ, ಹೊಸೆದು ಮಾಡಿದ ಗಂಟುಗಂಟಿನದ್ದಕ್ಕೆ ರುಬತಾ. ಅಮೆರಿಕದ ಅಂಗಡಿಯಲ್ಲಿ ಸಿಗುವ ತೆಳ್ಳಗಿನವೂ ಆಗುತ್ತವೆ. ಮಕ್ಕಳು ಊಟಕ್ಕೆ ಮುಂಚೆಯೇ ಮುಗಿಸಿಬಿಡುತ್ತಾರೆ, ಅದಕ್ಕೆ ಸ್ವಲ್ಪ ಜಾಸ್ತಿ ತನ್ನಿ.

ಸಿಹಿಯ ಜಾಗಕ್ಕೆ ಕರಬೂಜ. ಬರೀ ಹೋಳು, ತಣ್ಣಗೆ. ಇಟಲಿಯಲ್ಲಿ ಬೇಸಿಗೆ ಬಂದರೆ ಪ್ರೊಶುಟ್ಟೊ ಜೊತೆ ಕರಬೂಜ ಇಡುವುದು ಇದಕ್ಕೇ. ಉಪ್ಪು ತಿಂದ ಬಾಯಿಗೆ ಅದರ ಸಿಹಿ ಹಿತ. ಸಲಾಮಿ ತಿನ್ನುವವರು ಅದರ ಜೊತೆ ತಿನ್ನುತ್ತಾರೆ, ಉಳಿದವರು ಸುಮ್ನೆ ತಿನ್ನುತ್ತಾರೆ. ಇದಕ್ಕಿಂತ ಸುಲಭದ ಸೈಡ್ ಡಿಶ್ ನನಗೆ ಗೊತ್ತಿಲ್ಲ.

ಗರಗಸ

ಚಿತ್ರಾನ್ನ ಒಂದು ಇಟ್ಟರೆ? ನಿಂಬೆಹಣ್ಣು ಇಟಲಿಯವರಿಗೂ ಪ್ರೀತಿ.

ಬಾಳೆಎಲೆ

ಚಿತ್ರಾನ್ನ ಮತ್ತೆ ಹುಳಿ. ಇವರ ಲೆಕ್ಕದಲ್ಲಿ ಸಪ್ಪೆ, ಮೆತ್ತಗೆ, ಹೊಟ್ಟೆ ತಂಪು ಅಂತ ಹುಡುಕಿದರೆ ಮೊಸರನ್ನಕ್ಕೇ ಹೋಗಿ ನಿಲ್ಲುತ್ತದೆ! ತಮಾಷೆ ಅಲ್ಲ, ಒಂದು ಸಣ್ಣ ಪಾತ್ರೆ ಒಳಗೆ ಫ್ರಿಜ್‌ನಲ್ಲಿ ಇಟ್ಟಿರಿ. ನಮ್ಮ ಕಡೆಯ ಹಿರಿಯರು ಕೊನೆಗೆ ಕೇಳಿಯೇ ಕೇಳುತ್ತಾರೆ.

ಇನ್ನೊಂದು ಮುಖ್ಯವಾದದ್ದು. ಬಿಸಿಲಲ್ಲಿ ಮಾಂಸ, ಚೀಸ್ ಎಷ್ಟು ಹೊತ್ತು ಇಡುತ್ತೀರಿ? ಇದನ್ನು ಮಾತ್ರ ಸದರ ಮಾಡಬೇಡಿ.

ಬೆಣ್ಣೆಮುರುಕು

ಅಮೆರಿಕದ ಕೃಷಿ ಇಲಾಖೆಯವರು ಹೇಳುವುದು ಎರಡು ಗಂಟೆ. ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಒಂದೇ ಗಂಟೆ. ಅಂದರೆ ನಮ್ಮ 32 ಸೆಲ್ಸಿಯಸ್. ಅಷ್ಟು ಹೊತ್ತು ಹೊರಗೆ ಇದ್ದದ್ದನ್ನು ಮತ್ತೆ ಫ್ರಿಜ್‌ಗೆ ಇಡಬಾರದು. ಇದು ಬೀನ್ಸಿಗೂ ಝಿಟಿಗೂ ಅನ್ವಯಿಸುತ್ತದೆ. ಬಿಸಿ ಇಡುವುದಾದರೆ ಕೆಳಗೆ ಉರಿ ಇರಬೇಕು. ಅಂಗಡಿಯಲ್ಲಿ ತಂತಿ ಸ್ಟ್ಯಾಂಡ್, ನೀರಿನ ಟ್ರೇ, ಡಬ್ಬಿ ಉರಿ ಒಟ್ಟಿಗೆ ಸಿಗುತ್ತವೆ, ದುಬಾರಿ ಅಲ್ಲ. ಸಲಾಡ್ ತಟ್ಟೆಯ ಕೆಳಗೆ ಇನ್ನೊಂದು ಟ್ರೇಯಲ್ಲಿ ಐಸ್ ಹಾಕಿ. ಎಲ್ಲವನ್ನೂ ಒಮ್ಮೆಗೇ ಹೊರಗೆ ತರಬೇಡಿ, ಅರ್ಧ ಒಳಗಿರಲಿ.

ನೇರಳೆಹಣ್ಣು

ಇಷ್ಟು ಕಲಿತೆ. ಒಂದೇ ಓವನ್ನಿನಲ್ಲಿ ಝಿಟಿ, ಫರಿನಾತಾ ಎರಡೂ ಹೇಗೆ ಅನ್ನುವುದೊಂದು ಉಳಿಯಿತು. ಒಂದಕ್ಕೆ 375 ಡಿಗ್ರಿ, ಇನ್ನೊಂದಕ್ಕೆ 500.

ಬೆಣ್ಣೆಮುರುಕು

ಝಿಟಿ ಮೊದಲು. ಒಂದು ಪೌಂಡ್ ಝಿಟಿ 9-13 ಇಂಚಿನ ಟ್ರೇ ತುಂಬುತ್ತದೆ, ಎಂಟು ಹತ್ತು ಜನಕ್ಕೆ ಆಗುತ್ತದೆ. ನಿಮಗೆ ಎರಡು ಟ್ರೇ ಸಾಕು, ಬೇರೆ ಪದಾರ್ಥಗಳೂ ಇವೆಯಲ್ಲ. ಜನ ಬರುವ ಮುಕ್ಕಾಲು ಗಂಟೆ ಮುಂಚೆ ಎರಡನ್ನೂ ಒಟ್ಟಿಗೆ ಒಳಗೆ ತಳ್ಳಿ. ತೆಗೆದ ಮೇಲೆ ಫಾಯಿಲ್ ಮುಚ್ಚಿ ಉರಿ ಸ್ಟ್ಯಾಂಡ್ ಮೇಲೆ ಇಡಿ, ಆರುವುದಿಲ್ಲ. ಪಾಸ್ತಾ ಮಾತ್ರ ನೀರಿನಲ್ಲಿ ಮುಕ್ಕಾಲು ಬೆಂದಾಗಲೇ ಬಸಿದುಬಿಡಿ. ಓವನ್ನಿನಲ್ಲಿ ಉಳಿದ ಕಾಲು ಬೇಯುತ್ತದೆ.

ತುಂಗಾತೀರ

ಆಮೇಲೆ ಓವನ್ ಪೂರ್ತಿ ಕಾಯಿಸಿ. ಹಿಟ್ಟು ಬೆಳಿಗ್ಗೆಯೇ ಕಲಸಿಟ್ಟಿರುತ್ತೀರಿ. ಜನ ಬಂದು ಕೈಗೆ ಗ್ಲಾಸ್ ಹಿಡಿದ ಮೇಲೆ ಮೊದಲ ತಟ್ಟೆ ಒಳಗೆ. ಅದು ಹೊರಗೆ ಬಂದ ಕೂಡಲೇ ಎರಡನೆಯದು. ಎಲ್ಲ ಒಟ್ಟಿಗೆ ಮಾಡಿ ಮೇಜಿನ ಮೇಲೆ ಇಡಬೇಡಿ. ಫರಿನಾತಾವನ್ನು ಬಫೆ ಸಾಲಿನಲ್ಲೇ ಸೇರಿಸಬೇಡಿ. ಹಲಗೆ ಮೇಲೆ ಕತ್ತರಿಸಿ, ಮಗಳ ಕೈಯಲ್ಲಿ ಕೊಟ್ಟು ತಿರುಗಿಸಿ. ಬಿಸಿ ಬಿಸಿ ಹೋಗುತ್ತದೆ. ಒಟ್ಟು 450 ಗ್ರಾಂ ಹಿಟ್ಟು, ಮೂರು ತಟ್ಟೆ.

ಹಸಿರುಚುಕ್ಕೆ

ಫರಿನಾತಾ ಕತ್ತರಿಸಿದ ಚಾಕುವನ್ನೇ ಸಲಾಮಿಗೆ ಒಯ್ಯಬೇಡಿ. ಅತ್ತೆ ನೋಡುತ್ತಿರುತ್ತಾರೆ.

ನೇರಳೆಹಣ್ಣು

😂 ಗೊತ್ತು. ಕೊನೆಯ ಪ್ರಶ್ನೆ. ಬೀನ್ಸ್ ಶುಕ್ರವಾರವೇ ಮಾಡಿಟ್ಟರೆ ಆಗುತ್ತಾ? ಶನಿವಾರ ಬೆಳಿಗ್ಗೆ ಒಲೆ ಖಾಲಿ ಇರುವುದಿಲ್ಲ.

ತುಂಗಾತೀರ

ಆಗುತ್ತದೆ, ರುಚಿ ಇನ್ನೂ ಕೂಡಿಕೊಳ್ಳುತ್ತದೆ. ಬೆಂದ ನೀರನ್ನು ಒಂದು ಲೋಟದಷ್ಟು ಬೇರೆ ತೆಗೆದಿಡಿ. ಮಾರನೇ ದಿನ ಕಾಳು ಗಟ್ಟಿಯಾಗಿರುತ್ತದೆ, ಬಿಸಿ ಮಾಡುವಾಗ ಅದೇ ನೀರು ಹಾಕಿ ಸಡಿಲ ಮಾಡಿ. ಮಗುಚಲು ಮರದ ಸೌಟು, ಇಲ್ಲದಿದ್ದರೆ ಕಾಳು ಒಡೆದು ಹಿಟ್ಟಾಗುತ್ತದೆ. ಹಸಿ ಆಲಿವ್ ಎಣ್ಣೆ ಬಡಿಸುವ ಹೊತ್ತಿಗೆ ಮೇಲಿಂದ ಹಾಕಿ. ಬೆಳ್ಳುಳ್ಳಿ ಇಲ್ಲದ ಪಾತ್ರೆಗೆ ಮೇಲೆ ಒಂದು ಸೇಜ್ ಎಲೆ ಸಿಕ್ಕಿಸಿ. ಯಾವುದು ಯಾರದ್ದು ಅಂತ ಗುರುತು ಸಿಗುತ್ತದೆ.